ಮಾತ್ರೆಗೆ ಬಗ್ಗದ ಕುರು: ಎಂಆರ್‌ಎಸ್‌ಎ ಅಂದರೆ ಏನು?

ಮಲೆನಾಡಿನ ಯಾವುದೇ ಪೇಟೆಯ ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ‘ಹೋದ ಸಲದ ಮಾತ್ರೆ ತಾಗ್ಲಿಲ್ಲ, ಸ್ವಲ್ಪ ಪವರ್ ಜಾಸ್ತಿ ಇರೋದು ಕೊಡಿ.’ ಕೇಳುವವರ ತೊಡೆಯಲ್ಲೊಂದು ಕುರು ಎದ್ದಿರುತ್ತದೆ. ಇಲ್ಲವೇ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿದ ಬೆರಳು ಬಾತಿರುತ್ತದೆ. ಉಂಬಳ ಕಚ್ಚಿದ ಜಾಗವನ್ನು ಕೆರೆದೂ ಕೆರೆದೂ ಕೀವು ಮಾಡಿಕೊಂಡವರೂ ಇರುತ್ತಾರೆ. 250ರ ಬದಲು 500 ಸಿಗುತ್ತದೆ, 500ರ ಬದಲು 625 ಸಿಗುತ್ತದೆ. ಎಷ್ಟೋ ಸಲ ಕುರು ತಾನಾಗಿಯೇ ಒಡೆದು ವಾಸಿಯಾಗುತ್ತದೆ, ಹೆಸರು ಮಾತ್ರ ಮಾತ್ರೆಗೆ ಹೋಗುತ್ತದೆ.

ವಾಸಿಯಾಗದೇ ಇದ್ದಾಗಲೇ ಕಷ್ಟ. ಆಗ ಎರಡು ಮಾತು ಕೇಳಿಬರುತ್ತವೆ. ಒಂದು, ‘ಇನ್ನೂ ಪವರ್ ಬೇಕು’. ಇನ್ನೊಂದು, ‘ಇವರ ಮೈ ಔಷಧಕ್ಕೆ ಒಗ್ಗಿಹೋಗಿದೆ’. ಎರಡೂ ತಪ್ಪು. ಯಾಕೆ ತಪ್ಪು ಅನ್ನುವುದು ಅರ್ಥವಾದರೆ ಎಂಆರ್‌ಎಸ್‌ಎ ಅನ್ನುವ ದೊಡ್ಡ ಹೆಸರಿನ ಸಮಸ್ಯೆ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಮೊದಲು ಎರಡನೆಯದನ್ನು ನೋಡೋಣ. ಒಗ್ಗಿಕೊಂಡಿರುವುದು ನಮ್ಮ ಮೈ ಅಲ್ಲ, ಮೈಯಲ್ಲಿರುವ ಬ್ಯಾಕ್ಟೀರಿಯಾ. ಈ ವ್ಯತ್ಯಾಸ ದೊಡ್ಡದು. ಮೈ ಒಗ್ಗಿದ್ದರೆ ಅದು ಅವರೊಬ್ಬರ ಪಾಡು. ಬ್ಯಾಕ್ಟೀರಿಯಾ ಒಗ್ಗಿದ್ದರೆ ಅದು ಕೈಯಿಂದ ಕೈಗೆ, ಟವೆಲ್‌ನಿಂದ ಟವೆಲ್‌ಗೆ ಹೋಗುತ್ತದೆ. ಹುಟ್ಟಿದಾಗಿನಿಂದ ಒಂದು ಆಂಟಿಬಯಾಟಿಕ್ ಮಾತ್ರೆಯನ್ನೂ ನುಂಗದ ಮಗುವಿಗೆ ಬರುವ ಮೊದಲನೇ ಕುರುವೇ ಮಾತ್ರೆಗೆ ಬಗ್ಗದ ಕುರು ಆಗಿರಬಹುದು. ಮಾತ್ರೆ ನುಂಗಿದವರು ಯಾರೋ, ಕಷ್ಟಪಡುವವರು ಇನ್ಯಾರೋ.

ಈಗ ಬ್ಯಾಕ್ಟೀರಿಯಾದ ಪರಿಚಯ. ಪೂರ್ತಿ ಹೆಸರು ಸ್ಟ್ಯಾಫಿಲೋಕಾಕಸ್ ಆರಿಯಸ್. ಡಾಕ್ಟರುಗಳು ಸುಮ್ನೆ ಸ್ಟ್ಯಾಫ್ ಅನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ದುಂಡಗೆ, ಗೊಂಚಲು ಗೊಂಚಲಾಗಿ ಕಾಣುತ್ತದೆ. 1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ ಕುರುಗಳ ಕೀವನ್ನು ತೆಗೆದು ನೋಡಿ, ಕೀವಿಗೆ ಕಾರಣ ಇದೇ ಅಂತ ತೋರಿಸಿದರು. ಅದಕ್ಕೆ ಮೊದಲು ಗಾಯವೆಂದರೆ ಕೀವು ಆಗಲೇಬೇಕು ಅಂತಲೇ ಎಷ್ಟೋ ಸರ್ಜನ್‌ಗಳು ನಂಬಿದ್ದರು.

ಸ್ಟ್ಯಾಫ್ ಹೊರಗಿನಿಂದ ನುಗ್ಗಿ ಬರುವ ರೋಗಾಣು ಅಂತ ತಿಳಿಯಬೇಡಿ. ಹತ್ತು ಜನರಲ್ಲಿ ಸುಮಾರು ಮೂರು ಜನರ ಮೂಗಿನ ಹೊಳ್ಳೆಯಲ್ಲಿ ಅದು ಇರುತ್ತದೆ. ಕಂಕುಳು, ತೊಡೆಸಂದಿಯಲ್ಲೂ ಇರಬಹುದು. ಇದ್ದಷ್ಟು ದಿನ ಏನೂ ಮಾಡುವುದಿಲ್ಲ. ಚರ್ಮ ಎಲ್ಲಾದರೂ ಬಿರಿದರೆ ಸಾಕು, ಒಳಗೆ ಇಳಿಯುತ್ತದೆ. ನಮ್ಮ ಕಡೆ ಚರ್ಮ ಬಿರಿಯುವುದಕ್ಕೆ ಕಾರಣ ಹುಡುಕಬೇಕೇ? ಗದ್ದೆ ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿ ಬೆಳ್ಳಗಾಗಿ ಕೆಸರು ಹುಣ್ಣು ಏಳುತ್ತದೆ. ಮುಳ್ಳು, ಕತ್ತಿ, ಉಂಬಳ ಇದ್ದೇ ಇವೆ. ಮಳೆಗಾಲದ ತುರಿಕೆ ಬೇರೆ. ಅದಕ್ಕೆ ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಟ್ಯೂಬ್ ಹಚ್ಚಿದರೆ ಒಂದೆರಡು ದಿನ ತುರಿಕೆ ನಿಲ್ಲುತ್ತದೆ. ಆದರೆ ಸ್ಟೀರಾಯ್ಡ್ ಚರ್ಮದ ಕಾವಲನ್ನು ತಗ್ಗಿಸುತ್ತದೆ. ಕೆರೆದ ಜಾಗದಲ್ಲಿ ಸ್ಟ್ಯಾಫ್‌ಗೆ ದಾರಿ ಇನ್ನೂ ಸಲೀಸಾಗುತ್ತದೆ.

ಪೆನ್ಸಿಲಿನ್ ಕೊಲ್ಲುವುದು ಹೇಗೆ, ಸ್ಟ್ಯಾಫ್ ಬದುಕುವುದು ಹೇಗೆ

ಬ್ಯಾಕ್ಟೀರಿಯಾಗೆ ಸುತ್ತಲೂ ಒಂದು ಗಟ್ಟಿ ಗೋಡೆ ಇರುತ್ತದೆ. ನಮ್ಮ ಜೀವಕೋಶಗಳಿಗೆ ಅದು ಇಲ್ಲ. ಬ್ಯಾಕ್ಟೀರಿಯಾ ಬೆಳೆಯುತ್ತಾ, ಒಂದು ಎರಡಾಗುತ್ತಾ ಹೋಗುವಾಗ ಆ ಗೋಡೆಯನ್ನು ಕಟ್ಟುತ್ತಲೇ ಇರಬೇಕು. ಕಟ್ಟುವುದಕ್ಕೆ ಅದರೊಳಗೆ ಕೆಲವು ಪ್ರೋಟೀನ್‌ಗಳಿವೆ. ಇವನ್ನು ಗಾರೆ ಕೆಲಸದವರು ಅಂದುಕೊಳ್ಳಿ. ಪೆನ್ಸಿಲಿನ್ ಅಣುವಿನ ಆಕಾರ ಇವರು ಜೋಡಿಸುವ ಇಟ್ಟಿಗೆಯ ತುದಿಯ ಹಾಗೇ ಇರುತ್ತದೆ. ಗಾರೆಯವನು ಅದನ್ನು ಇಟ್ಟಿಗೆ ಅಂತಲೇ ಹಿಡಿಯುತ್ತಾನೆ. ಹಿಡಿದ ಕೈ ಅಲ್ಲೇ ಅಂಟಿಕೊಂಡು ಬಿಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಕೆಲಸ ನಿಲ್ಲುತ್ತದೆ, ಗೋಡೆ ತೆಳುವಾಗುತ್ತದೆ, ಒಳಗಿನ ಒತ್ತಡಕ್ಕೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್, ಸೆಫಾಲೆಕ್ಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಎಲ್ಲ ಇದೇ ಮನೆತನದವು. ನಾವು ನುಂಗುವ ಆಂಟಿಬಯಾಟಿಕ್‌ಗಳಲ್ಲಿ ದೊಡ್ಡ ಪಾಲು ಇವುಗಳದೇ.

ಸ್ಟ್ಯಾಫ್ ಇದರಿಂದ ತಪ್ಪಿಸಿಕೊಳ್ಳಲು ಎರಡು ದಾರಿ ಹಿಡಿಯಿತು. ಮೊದಲನೆಯದು, ಪೆನ್ಸಿಲಿನ್ ಅಣುವನ್ನೇ ಕತ್ತರಿಸಿ ಹಾಕುವ ಒಂದು ಕಿಣ್ವ ತಯಾರಿಸುವುದು. ಇದಕ್ಕೆ ಮದ್ದು ಸಿಕ್ಕಿತು. ಆ ಕಿಣ್ವವನ್ನು ಕಟ್ಟಿಹಾಕುವ ಕ್ಲಾವುಲನೇಟ್ ಅನ್ನುವ ವಸ್ತುವನ್ನು ಮಾತ್ರೆಗೇ ಸೇರಿಸಿದರು. ಎಲ್ಲರ ಬಾಯಲ್ಲೂ ಇರುವ ‘625’ ಅಂದರೆ ಅದೇ. 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲನೇಟ್. ಆ ಸಂಖ್ಯೆ ಪವರ್‌ನ ಅಳತೆ ಅಲ್ಲ, ಎರಡು ಔಷಧಗಳ ತೂಕದ ಮೊತ್ತ.

ಎರಡನೆಯ ದಾರಿ ಇನ್ನೂ ಚಾಲಾಕಿನದು. ಮೆಕ್‌ಎ ಅನ್ನುವ ಒಂದು ಜೀನ್ ಸ್ಟ್ಯಾಫ್‌ಗೆ ಬಂದು ಸೇರಿತು. ಅದು ಹೊಸದೊಬ್ಬ ಗಾರೆಯವನನ್ನು ಒಳಗೆ ತಂದು ಕೂರಿಸಿತು. ಇವನು ನಕಲಿ ಇಟ್ಟಿಗೆಯನ್ನು ಕೈಯಲ್ಲೂ ಮುಟ್ಟುವುದಿಲ್ಲ. ಹಳಬರೆಲ್ಲ ಕೈ ಅಂಟಿಕೊಂಡು ಕೂತಿದ್ದರೂ ಇವನೊಬ್ಬನೇ ಗೋಡೆ ಕಟ್ಟಿ ಮುಗಿಸುತ್ತಾನೆ. ಈ ಜೀನ್ ಇರುವ ಸ್ಟ್ಯಾಫ್‌ಗೆ ಮೆಥಿಸಿಲಿನ್ ರೆಸಿಸ್ಟೆಂಟ್ ಸ್ಟ್ಯಾಫಿಲೋಕಾಕಸ್ ಆರಿಯಸ್ ಅಂತ ಹೆಸರು. ಅದೇ ಎಂಆರ್‌ಎಸ್‌ಎ. ಮೆಥಿಸಿಲಿನ್ ಪೆನ್ಸಿಲಿನ್ ಮನೆತನದ್ದೇ ಒಂದು ಹಳೆಯ ಔಷಧ, ರೆಸಿಸ್ಟೆಂಟ್ ಅಂದರೆ ಅದಕ್ಕೆ ಬಗ್ಗದ್ದು.

ಈಗ ಪವರ್ ಲೆಕ್ಕ ಯಾಕೆ ಕೆಲಸ ಮಾಡುವುದಿಲ್ಲ ಅಂತ ಕಾಣುತ್ತದೆ ಅಲ್ವಾ? 250 ಹೋಗಿ 500 ಆದರೂ ಈ ಹೊಸ ಗಾರೆಯವನ ಕೆಲಸ ನಿಲ್ಲುವುದಿಲ್ಲ. 625ರಲ್ಲಿರುವ ಕ್ಲಾವುಲನೇಟ್‌ಗೂ ಇಲ್ಲಿ ಕೆಲಸವಿಲ್ಲ. ಅದು ತಡೆಯುವುದು ಕತ್ತರಿಸುವ ಕಿಣ್ವವನ್ನು, ಇಲ್ಲಿ ತೊಂದರೆ ಆ ಕಿಣ್ವದ್ದಲ್ಲ. ಮಾತ್ರೆ ಬಿಟ್ಟು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಚುಚ್ಚಿಸಿಕೊಂಡರೂ ಅಷ್ಟೇ, ಮನೆತನ ಒಂದೇ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಮೆಕ್‌ಎ ಇಲ್ಲದ ಮಾಮೂಲಿ ಸ್ಟ್ಯಾಫ್ ರಕ್ತಕ್ಕೆ ಇಳಿದಾಗ, ಕೊನೆಯ ಅಸ್ತ್ರ ಅಂತ ಹೇಳುವ ವ್ಯಾಂಕೋಮೈಸಿನ್‌ಗಿಂತ ಕ್ಲಾಕ್ಸಾಸಿಲಿನ್ ಜಾತಿಯ ಔಷಧ ಅಥವಾ ಸೆಫಜೋಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ದುಬಾರಿ, ಹೊಸದು, ಸ್ಟ್ರಾಂಗ್ ಅಂತ ನಾವು ಅಂದುಕೊಳ್ಳುವ ಔಷಧವೇ ಅಲ್ಲಿ ಹಿಂದೆ ಬೀಳುತ್ತದೆ. ಆಂಟಿಬಯಾಟಿಕ್‌ನಲ್ಲಿ ಮೇಲಿನದು, ಕೆಳಗಿನದು ಅಂತ ಇಲ್ಲ. ಎದುರಿಗಿರುವ ಬ್ಯಾಕ್ಟೀರಿಯಾಗೆ ತಾಗುವುದು, ತಾಗದ್ದು ಅಂತ ಇದೆ ಅಷ್ಟೇ.

ಇದು ಶುರುವಾದದ್ದು ಎಂದಿನಿಂದ

1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ತಟ್ಟೆಯಲ್ಲಿ ಬೂಸ್ಟು ಬಿದ್ದು ಬ್ಯಾಕ್ಟೀರಿಯಾ ಸತ್ತ ಕಥೆ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆ ತಟ್ಟೆಯಲ್ಲಿ ಬೆಳೆಸಿದ್ದು ಇದೇ ಸ್ಟ್ಯಾಫ್. ಮನುಷ್ಯನ ಮೇಲೆ ಪೆನ್ಸಿಲಿನ್ ಚಿಕಿತ್ಸೆ ನಡೆದದ್ದು 1941ರ ಫೆಬ್ರುವರಿಯಲ್ಲಿ, ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ, ಆಲ್ಬರ್ಟ್ ಅಲೆಕ್ಸಾಂಡರ್ ಅನ್ನುವ ಪೊಲೀಸ್ ಮೇಲೆ. ಅವರ ಮುಖ, ಶ್ವಾಸಕೋಶದ ತನಕ ಕೀವು ಹರಡಿತ್ತು. ಔಷಧ ಕೊಟ್ಟ ಕೂಡಲೇ ಚೇತರಿಸಿಕೊಂಡರು. ಆದರೆ ಇದ್ದದ್ದು ಅಷ್ಟಿಷ್ಟು ಔಷಧ. ಅವರ ಮೂತ್ರದಿಂದಲೂ ಪೆನ್ಸಿಲಿನ್ ಸೋಸಿ ತೆಗೆದು ಮತ್ತೆ ಕೊಟ್ಟರು. ಕೊನೆಗೆ ಅದೂ ಮುಗಿಯಿತು. ಸೋಂಕು ಮರಳಿತು, ಮಾರ್ಚ್‌ನಲ್ಲಿ ತೀರಿಹೋದರು. ಅಷ್ಟು ಕಷ್ಟಪಟ್ಟು ತಯಾರಿಸಿದ ಔಷಧವನ್ನು ಇವತ್ತು ನಾವು ಶೀತಕ್ಕೆ ನುಂಗುತ್ತೇವೆ.

ಮಾರನೇ ವರ್ಷ, 1942ರಲ್ಲೇ, ಪೆನ್ಸಿಲಿನ್‌ಗೆ ಬಗ್ಗದ ಸ್ಟ್ಯಾಫ್ ರೋಗಿಗಳಲ್ಲಿ ಕಾಣಿಸಿತು. 1948ರ ಹೊತ್ತಿಗೆ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟ್ಯಾಫ್ ಹಾಗಿತ್ತು. ಕತ್ತರಿಸುವ ಕಿಣ್ವಕ್ಕೆ ಸಿಗದ ಮೆಥಿಸಿಲಿನ್ ಅನ್ನುವ ಔಷಧ ಮಾರುಕಟ್ಟೆಗೆ ಬಂದದ್ದು 1960ರ ಸುಮಾರಿಗೆ. 1961ರ ಜನವರಿಯಲ್ಲೇ ಇಂಗ್ಲೆಂಡಿನ ಪೆಟ್ರೀಶಿಯಾ ಜೆವನ್ಸ್ ಒಂದು ಚಿಕ್ಕ ಪತ್ರ ಪ್ರಕಟಿಸಿದರು. ಐದು ಸಾವಿರಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದಾಗ ಮೂರರಲ್ಲಿ ಮೆಥಿಸಿಲಿನ್ ತಾಗದ ಸ್ಟ್ಯಾಫ್ ಸಿಕ್ಕಿತ್ತು. ಮೆಥಿಸಿಲಿನ್ ಈಗ ಬಳಕೆಯಲ್ಲೇ ಇಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ.

ಒಂದೇ ವರ್ಷದಲ್ಲಿ ಬ್ಯಾಕ್ಟೀರಿಯಾ ಅಷ್ಟು ಬೇಗ ಕಲಿತದ್ದು ಹೇಗೆ? ಕಲಿತದ್ದಲ್ಲ, ಅಲ್ಲೇ ಇತ್ತು. ಆ ಹಳೆಯ ಮಾದರಿಗಳ ಜೀನ್‌ಗಳನ್ನು ಓದಿದವರು 2017ರಲ್ಲಿ ಒಂದು ವಿಷಯ ಬಯಲು ಮಾಡಿದರು. ಮೆಕ್‌ಎ ಜೀನ್ ಸ್ಟ್ಯಾಫ್ ಒಳಗೆ ಬಂದದ್ದು 1940ರ ದಶಕದ ನಡುವಿನಲ್ಲಿ. ಮೆಥಿಸಿಲಿನ್ ಹುಟ್ಟುವುದಕ್ಕೆ ಹತ್ತು ವರ್ಷಕ್ಕೂ ಮೊದಲು! ಪೆನ್ಸಿಲಿನ್ ಹೇರಳವಾಗಿ ಬಳಸಿದ್ದೇ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಇದಕ್ಕಿಂತ ವಿಚಿತ್ರ 2022ರಲ್ಲಿ ಗೊತ್ತಾಯಿತು. ಯುರೋಪಿನಲ್ಲಿ ಹೆಜ್‌ಹಾಗ್ ಅನ್ನುವ, ಮೈಮೇಲೆ ಮುಳ್ಳಿರುವ ಚಿಕ್ಕ ಪ್ರಾಣಿಗಳ ಚರ್ಮದ ಮೇಲೆ ಒಂದು ಶಿಲೀಂಧ್ರ ಇರುತ್ತದೆ. ಅದು ತಾನಾಗಿಯೇ ಪೆನ್ಸಿಲಿನ್ ತರದ ವಸ್ತು ಸುರಿಸುತ್ತದೆ. ಅದರ ಪಕ್ಕದಲ್ಲೇ ಬಾಳಬೇಕಾದ ಸ್ಟ್ಯಾಫ್ ಮೆಕ್‌ಸಿ ಅನ್ನುವ ಇಂಥದ್ದೇ ಜೀನ್ ಇಟ್ಟುಕೊಂಡು ಬದುಕುತ್ತಿತ್ತು, ಮನುಷ್ಯ ಆಂಟಿಬಯಾಟಿಕ್ ಕಂಡುಹಿಡಿಯುವುದಕ್ಕೂ ಬಹಳ ಹಿಂದಿನಿಂದ. ನಾವು ಈ ಗುಣವನ್ನು ಸೃಷ್ಟಿ ಮಾಡಲಿಲ್ಲ. ಅಪರೂಪಕ್ಕೆ ಇದ್ದದ್ದನ್ನು ಊರ ತುಂಬ ಆಗುವ ಹಾಗೆ ಮಾಡಿದ್ದು ನಾವು.

ಅದು ಹೇಗೆ ಅನ್ನುವುದಕ್ಕೆ ಲೆಕ್ಕ ಸುಲಭ. ಸ್ಟ್ಯಾಫ್ ಅರ್ಧ ಗಂಟೆಗೊಮ್ಮೆ ಎರಡಾದರೆ, ಒಂದು ಬ್ಯಾಕ್ಟೀರಿಯಾ 10 ಗಂಟೆಯಲ್ಲಿ 10 ಲಕ್ಷ ದಾಟುತ್ತದೆ. ಲಕ್ಷಗಟ್ಟಲೆಯಲ್ಲಿ ಒಂದೋ ಎರಡೋ ಔಷಧ ತಾಳುವಂಥವು ಇರಬಹುದು. ಔಷಧ ಇಲ್ಲದಾಗ ಅವಕ್ಕೆ ಏನೂ ಲಾಭವಿಲ್ಲ, ಗುಂಪಿನಲ್ಲಿ ಕಳೆದುಹೋಗುತ್ತವೆ. ಔಷಧ ಬಿದ್ದ ದಿನ ಉಳಿದವೆಲ್ಲ ಸಾಯುತ್ತವೆ, ಜಾಗ ಖಾಲಿಯಾಗುತ್ತದೆ, ಇವು ತುಂಬಿಕೊಳ್ಳುತ್ತವೆ.

ಇಲ್ಲಿ ನಾವು ಮರೆಯುವ ಒಂದು ಸಂಗತಿ ಇದೆ. ಮಾತ್ರೆ ನಾವು ಯಾವ ಕಾಯಿಲೆಗೆ ನುಂಗುತ್ತೇವೋ ಆ ಜಾಗಕ್ಕೆ ಮಾತ್ರ ಹೋಗುವುದಿಲ್ಲ. ಜುಲೈ ತಿಂಗಳ ಶೀತಕ್ಕೆ ಅಜಿತ್ರೋಮೈಸಿನ್ ನುಂಗಿದರೆ, ಶೀತ ವೈರಸ್‌ನದು, ಅದಕ್ಕೆ ಏನೂ ಆಗುವುದಿಲ್ಲ. ಆದರೆ ಮೂಗಿನಲ್ಲಿ ಸುಮ್ನೆ ಇದ್ದ ಸ್ಟ್ಯಾಫ್‌ಗೆ, ಹೊಟ್ಟೆಯ ಬ್ಯಾಕ್ಟೀರಿಯಾಗಳಿಗೆ ಅದು ತಾಗುತ್ತದೆ. ಅಲ್ಲಿ ಈ ಸಾಯುವ, ಉಳಿಯುವ ಆಟ ನಡೆದುಬಿಡುತ್ತದೆ. ಮುಂದೆ ಯಾವತ್ತೋ ಬೆರಳು ಕೊಯ್ದುಕೊಂಡಾಗ ಒಳಗೆ ಇಳಿಯುವುದು ಹಾಗೆ ಉಳಿದ ಸ್ಟ್ಯಾಫ್. ನಮ್ಮ ಶಿವಮೊಗ್ಗ ಜಿಲ್ಲೆಗೆ ಇದು ಇನ್ನೂ ಹತ್ತಿರದ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯೂ ವೈರಸ್‌ನದೇ, ಅದಕ್ಕೂ ಆಂಟಿಬಯಾಟಿಕ್ ತಾಗುವುದಿಲ್ಲ. ಗದ್ದೆ ನೀರಿನಿಂದ ಬರುವ ಇಲಿ ಜ್ವರ ಬ್ಯಾಕ್ಟೀರಿಯಾದ್ದು, ಅದಕ್ಕೆ ಆಂಟಿಬಯಾಟಿಕ್ ಬೇಕೇ ಬೇಕು. ಎರಡೂ ಶುರುವಾಗುವುದು ಜ್ವರ, ಮೈಕೈ ನೋವಿನಿಂದಲೇ. ಅಂಗಡಿಯ ಕಟ್ಟೆಯ ಮೇಲೆ ನಿಂತು ಯಾವುದು ಯಾವುದು ಅಂತ ಹೇಳಲು ಯಾರಿಂದಲೂ ಆಗದು.

1945ರಲ್ಲಿ ನೊಬೆಲ್ ಭಾಷಣದಲ್ಲಿ ಫ್ಲೆಮಿಂಗ್ ಒಂದು ಕಾಲ್ಪನಿಕ ಕಥೆ ಹೇಳಿದ್ದರು. ಗಂಟಲು ನೋವಿನವನೊಬ್ಬ ತಾನೇ ಪೆನ್ಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಅವನಲ್ಲಿ ಉಳಿದ ಸ್ಟ್ರೆಪ್ಟೋಕಾಕಸ್ ಹೆಂಡತಿಗೆ ಅಂಟಿ ನ್ಯುಮೋನಿಯಾ ಆಗುತ್ತದೆ. ಆಗ ಪೆನ್ಸಿಲಿನ್ ಕೆಲಸ ಮಾಡುವುದಿಲ್ಲ, ಆಕೆ ಸಾಯುತ್ತಾಳೆ. ತಮಾಷೆ ಏನೆಂದರೆ ಗಂಟಲು ನೋವಿನ ಸ್ಟ್ರೆಪ್ಟೋಕಾಕಸ್ ಇವತ್ತಿಗೂ ಪೆನ್ಸಿಲಿನ್‌ಗೆ ಬಗ್ಗುತ್ತದೆ. ಕೈತಪ್ಪಿದ್ದು ಅವರ ತಟ್ಟೆಯಲ್ಲೇ ಇದ್ದ ಸ್ಟ್ಯಾಫ್.

ಭಾರತದಲ್ಲಿ ದೊಡ್ಡ ಆಸ್ಪತ್ರೆಗಳ ಲ್ಯಾಬ್‌ಗಳಿಗೆ ಬರುವ ಸ್ಟ್ಯಾಫ್‌ನಲ್ಲಿ 100ಕ್ಕೆ ಸುಮಾರು 40 ಎಂಆರ್‌ಎಸ್‌ಎ. ಈ ಅಂಕಿಯನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕು. ಲ್ಯಾಬ್ ತನಕ ಬರುವುದು ವಾಸಿಯಾಗದ ಪ್ರಕರಣಗಳೇ ಜಾಸ್ತಿ. ಹಾಗಾಗಿ ಊರಿನ ಎಲ್ಲ ಕುರುಗಳಲ್ಲಿ 40 ಪಾಲು ಹೀಗೆ ಅಂತ ಅರ್ಥವಲ್ಲ. ಆದರೆ ಇದು ಆಸ್ಪತ್ರೆಗೆ ಮಾತ್ರ ಸೇರಿದ ಕಾಯಿಲೆ ಅನ್ನುವ ಕಾಲವೂ ಹೋಯಿತು. 1990ರ ದಶಕದಿಂದ ಆಸ್ಪತ್ರೆಯ ಮುಖವನ್ನೇ ನೋಡದ, ಗಟ್ಟಿಮುಟ್ಟಾದವರಲ್ಲೂ ಎಂಆರ್‌ಎಸ್‌ಎ ಕಾಣುತ್ತಿದೆ. ನಮ್ಮ ಉಪಖಂಡದಲ್ಲೇ ಹುಟ್ಟಿ ಬೇರೆ ದೇಶಗಳಿಗೆ ಹರಡಿದ ಒಂದು ತಳಿಯೂ ಇದೆ. ವಿಜ್ಞಾನಿಗಳು ಅದನ್ನು ‘ಬೆಂಗಾಲ್ ಬೇ’ ತಳಿ ಅನ್ನುತ್ತಾರೆ. ಇಡೀ ಜಗತ್ತಿನ ಲೆಕ್ಕ ಹಾಕಿದವರ ಅಂದಾಜಿನಂತೆ 2019 ಒಂದೇ ವರ್ಷದಲ್ಲಿ ಎಂಆರ್‌ಎಸ್‌ಎ ಔಷಧಕ್ಕೆ ಬಗ್ಗದೇ ಇದ್ದ ಕಾರಣಕ್ಕೇ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಕುರುವಿಗೆ ಮೊದಲ ಔಷಧ ಮಾತ್ರೆ ಅಲ್ಲ

ಕೀವು ತುಂಬಿದ ಕುರುವಿನೊಳಗೆ ರಕ್ತನಾಳಗಳಿರುವುದಿಲ್ಲ. ಮಾತ್ರೆ ಹೋಗುವುದು ರಕ್ತದ ದಾರಿಯಲ್ಲಿ. ಹಾಗಾಗಿ ಕೀವಿನ ನಡುವಿಗೆ ಔಷಧ ಸರಿಯಾಗಿ ತಲುಪುವುದೇ ಇಲ್ಲ. ಅದಕ್ಕೇ ಡಾಕ್ಟರು ಮರಗಟ್ಟಿಸಿ, ಸಣ್ಣಗೆ ಕೊಯ್ದು, ಕೀವು ಹೊರಗೆ ಬಿಡುತ್ತಾರೆ. ಎಂಆರ್‌ಎಸ್‌ಎ ಇರಲಿ, ಇಲ್ಲದಿರಲಿ, ಮೊದಲ ಚಿಕಿತ್ಸೆ ಇದೇ. ಕತ್ತಿಗೆ ರೆಸಿಸ್ಟೆನ್ಸ್ ಬೆಳೆಸಿಕೊಂಡ ಬ್ಯಾಕ್ಟೀರಿಯಾ ಇನ್ನೂ ಹುಟ್ಟಿಲ್ಲ. ಎಂಆರ್‌ಎಸ್‌ಎ ಸಾಮಾನ್ಯವಾಗಿದ್ದ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಕೊಯ್ದು ಕೀವು ತೆಗೆದು, ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟವರಲ್ಲೇ 100ಕ್ಕೆ ಸುಮಾರು 74 ಜನ ವಾಸಿಯಾದರು. ಜೊತೆಗೆ ಸರಿಯಾದ ಆಂಟಿಬಯಾಟಿಕ್ ಕೊಟ್ಟವರಲ್ಲಿ ಸುಮಾರು 80. ಮಾತ್ರೆಯಿಂದ ಲಾಭ ಇದೆ, ಇಲ್ಲವೆನ್ನಲಾರೆ. ಆದರೆ ಹೆಚ್ಚಿನ ಕೆಲಸ ಮುಗಿಸಿದ್ದು ಕತ್ತಿ.

ಕೊಯ್ಯುವುದು ಅಂದರೆ ಮನೆಯಲ್ಲಿ ಹಿಂಡುವುದಲ್ಲ. ಹಿಂಡಿದರೆ ಕೀವು ಒಳಕ್ಕೂ ಹೋಗುತ್ತದೆ. ಮೂಗು, ಮೇಲ್ದುಟಿಯ ಸುತ್ತಲಿನ ಕುರುವನ್ನಂತೂ ಮುಟ್ಟಲೇಬಾರದು. ಅಲ್ಲಿನ ರಕ್ತನಾಳಗಳು ಮಿದುಳಿನ ಬುಡದ ತನಕ ಸೇರುತ್ತವೆ. ಇನ್ನು ಸುಣ್ಣ-ಬೆಲ್ಲ ಕಲಸಿ ಹಚ್ಚುವ ರೂಢಿ. ಸುಣ್ಣ ಚರ್ಮವನ್ನು ಸುಡುತ್ತದೆ, ಗಾಯ ಇನ್ನೂ ಅಗಲವಾಗುತ್ತದೆ. ಅಜ್ಜಿ ಹೇಳಿದ ಇನ್ನೊಂದು ಮಾತು, ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯ ಶಾಖ, ಅದು ಸರಿ. ಚಿಕ್ಕ ಕುರು ಅದರಿಂದಲೇ ಒಡೆದು ಇಳಿಯುವುದುಂಟು.

ಕೀವು ತೆಗೆದಾಗ ಕೇಳಬೇಕಾದ ಒಂದು ಪ್ರಶ್ನೆ ಇದೆ: ‘ಇದನ್ನು ಕಲ್ಚರ್‌ಗೆ ಕಳಿಸಬಹುದಾ ಡಾಕ್ಟ್ರೇ?’ ಕಲ್ಚರ್ ಅಂದರೆ ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ, ಅದಕ್ಕೆ ಯಾವ ಔಷಧ ತಾಗುತ್ತದೆ ಅಂತ ನೋಡುವ ಪರೀಕ್ಷೆ. ಈ ಲೇಖನದಿಂದ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ. ಪ್ರತಿಯೊಂದು ಚಿಕ್ಕ ಕುರುವಿಗೂ ಇದು ಬೇಡ. ಮತ್ತೆ ಮತ್ತೆ ಬರುವ ಕುರು, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಬರುವ ಕುರು, ಒಂದು ಮಾತ್ರೆಗೆ ಬಗ್ಗದ ಸೋಂಕು, ಆಪರೇಷನ್ ಗಾಯದ ಕೀವು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಇವಕ್ಕೆ ಬೇಕೇ ಬೇಕು. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಮಾದರಿ ತೆಗೆದರೆ ಒಳ್ಳೆಯದು. ಗಾಯದ ಮೇಲಿನ ಒಣ ಪದರ ಉಜ್ಜಿದರೆ ಚರ್ಮದ ಮೇಲಿನ ಬೇರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒಳಗಿನ ಕೀವೇ ಬೇಕು.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮೆಡಿಕಲ್ ಕಾಲೇಜಿಗೆ ಸೇರಿದ್ದರಿಂದ ಸೂಕ್ಷ್ಮಜೀವಿ ವಿಭಾಗ ಇದೆ. ಘಟ್ಟದ ಅಂಚಿನವರು ಮಣಿಪಾಲಕ್ಕೆ ಇಳಿಯುತ್ತಾರೆ. ತಾಲ್ಲೂಕಿನ ಖಾಸಗಿ ಲ್ಯಾಬ್‌ಗಳೂ ಮಾದರಿ ತೆಗೆದು ಮುಂದಕ್ಕೆ ಕಳಿಸುವುದುಂಟು. ರಿಪೋರ್ಟ್ ಬರಲು ಸಾಮಾನ್ಯವಾಗಿ ಎರಡು ಮೂರು ದಿನ. ಇದು ಲ್ಯಾಬ್‌ನವರ ಸೋಮಾರಿತನ ಅಲ್ಲ. ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆಯಲು ಒಂದು ದಿನ ಬೇಕು. ಅದರ ಮೇಲೆ ಬೇರೆ ಬೇರೆ ಔಷಧದ ಚಿಕ್ಕ ಬಿಲ್ಲೆಗಳನ್ನಿಟ್ಟು ಯಾವುದರ ಸುತ್ತ ಬೆಳೆ ನಿಂತಿದೆ ಅಂತ ನೋಡಲು ಇನ್ನೊಂದು ದಿನ. ಎಂಆರ್‌ಎಸ್‌ಎ ಗುರುತಿಸಲು ಸೆಫಾಕ್ಸಿಟಿನ್ ಅನ್ನುವ ಬಿಲ್ಲೆ ಇಡುತ್ತಾರೆ. ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತದ ಅಗಲ 21 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಎಂಆರ್‌ಎಸ್‌ಎ.

ರಿಪೋರ್ಟಿನಲ್ಲಿ ಔಷಧಗಳ ಎದುರು ಎಸ್ ಅಥವಾ ಆರ್ ಅಂತ ಇರುತ್ತದೆ. ಎಸ್ ಅಂದರೆ ತಾಗುತ್ತದೆ, ಆರ್ ಅಂದರೆ ತಾಗದು. ಸೆಫಾಕ್ಸಿಟಿನ್ ಅಥವಾ ಆಕ್ಸಾಸಿಲಿನ್ ಎದುರು ಆರ್ ಇದ್ದರೆ ಆ ಇಡೀ ಮನೆತನವನ್ನೇ ಮರೆತುಬಿಡಿ. ಸೆಫ್ಟರೋಲಿನ್ ತರದ ಒಂದೆರಡು ಹೊಸ ಔಷಧ ಬಿಟ್ಟರೆ ಪೆನ್ಸಿಲಿನ್ ಜಾತಿಯದು, ಸೆಫ್ ಅಂತ ಶುರುವಾಗುವುದು ಯಾವುದೂ ನಡೆಯದು. ಹಾಗಂತ ಗಾಬರಿ ಬೇಡ. ಚರ್ಮದ ಸೋಂಕಿಗೆ ಕೋಟ್ರೈಮಾಕ್ಸಜೋಲ್, ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್ ಎಷ್ಟೋ ಸಲ ಕೆಲಸ ಮಾಡುತ್ತವೆ. ಇವೆಲ್ಲ ಹಳೆಯ, ಅಗ್ಗದ ಔಷಧಗಳು. ಕ್ಲಿಂಡಾಮೈಸಿನ್‌ಗೆ ಮಾತ್ರ ‘ಡಿ ಟೆಸ್ಟ್’ ಅಂತ ಒಂದು ಪರೀಕ್ಷೆ ಮಾಡುತ್ತಾರೆ. ಮೊದಲು ಬಗ್ಗಿದ ಹಾಗೆ ಕಂಡು, ಚಿಕಿತ್ಸೆಯ ನಡುವೆ ತಿರುಗಿಬೀಳುವ ಸ್ಟ್ಯಾಫ್ ಕೂಡ ಇದೆ. ಆ ಪರೀಕ್ಷೆ ಅದನ್ನು ಹಿಡಿಯುತ್ತದೆ.

ಸೋಂಕು ಆಳಕ್ಕೆ ಇಳಿದಿದ್ದರೆ ವ್ಯಾಂಕೋಮೈಸಿನ್. ಇದನ್ನು ರಕ್ತನಾಳಕ್ಕೇ ಕೊಡಬೇಕು, ಕಿಡ್ನಿಯ ಮೇಲೆ ಕಣ್ಣಿಡಬೇಕು. ಲಿನಜೋಲಿಡ್ ಮಾತ್ರೆಯಾಗಿಯೂ ಸಿಗುತ್ತದೆ, ಚೆನ್ನಾಗಿಯೂ ಕೆಲಸ ಮಾಡುತ್ತದೆ. ನನಗೆ ಭಯ ಇರುವುದು ಇದರ ಬಗ್ಗೆಯೇ. ಔಷಧಕ್ಕೆ ಬಗ್ಗದ ಕ್ಷಯಕ್ಕೂ ಇದು ಮುಖ್ಯ ಔಷಧ. ವಾರಗಟ್ಟಲೆ ನುಂಗಿದರೆ ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ. ಇದು ‘ಪವರ್ ಜಾಸ್ತಿ ಇರೋದು’ ಆಗಿ ಕೈಯಿಂದ ಕೈಗೆ ಓಡಾಡಲು ಶುರುವಾದರೆ ನಮ್ಮ ಬುಟ್ಟಿಯಲ್ಲಿ ಉಳಿಯುವುದು ಬಹಳ ಕಡಿಮೆ.

ಕಾನೂನು ಇಲ್ಲವೇ? ಇದೆ. 2014ರಿಂದ ಹಲವು ಆಂಟಿಬಯಾಟಿಕ್‌ಗಳು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೆ ಡಾಕ್ಟರು 20 ಕಿಲೋಮೀಟರ್ ದೂರ, ಬಸ್ಸು ದಿನಕ್ಕೆರಡು, ಹೋದರೆ ಒಂದು ದಿನದ ಕೂಲಿ ಹೋಯಿತು ಅನ್ನುವ ಕಡೆ ಮೆಡಿಕಲ್ ಶಾಪೇ ಮೊದಲ ಆಸ್ಪತ್ರೆ. ಅಂಗಡಿಯವರನ್ನಾಗಲಿ ಗಿರಾಕಿಯನ್ನಾಗಲಿ ಬೈದು ಇದು ಸರಿಹೋಗುವುದಿಲ್ಲ. ಕೀವು ಕೊಯ್ದು ಕಲ್ಚರ್‌ಗೆ ಕಳಿಸುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಯಲ್ಲೇ ದಿನವೂ ಸಿಗಬೇಕು. ಆಗುವುದೇ ಇಲ್ಲ ಅನ್ನುವಂಥದ್ದಲ್ಲ. ಇಂಗ್ಲೆಂಡಿನಲ್ಲಿ 2003–04ರಲ್ಲಿ ರಕ್ತಕ್ಕೆ ಇಳಿದ ಎಂಆರ್‌ಎಸ್‌ಎ ಪ್ರಕರಣಗಳು 7,700ರ ಹತ್ತಿರ ಇದ್ದವು. ಪ್ರತಿ ಆಸ್ಪತ್ರೆಯೂ ಲೆಕ್ಕ ಕೊಡಬೇಕು ಅಂತ ಮಾಡಿ, ಕೈ ತೊಳೆಯುವುದನ್ನು ಬಿಗಿ ಮಾಡಿದ ಮೇಲೆ 2012–13ಕ್ಕೆ ಸಾವಿರದೊಳಗೆ ಇಳಿದವು. ಹೊಸ ಔಷಧದಿಂದ ಆದದ್ದಲ್ಲ ಇದು.

ಯಾವಾಗ ಕಾಯಬಾರದು? ಕುರುವಿನ ಜೊತೆ ಚಳಿಜ್ವರ ಬಂದರೆ, ಕೆಂಪು ಗಂಟೆ ಗಂಟೆಗೂ ಹರಡುತ್ತಿದ್ದರೆ, ಗಾಯ ಚಿಕ್ಕದಿದ್ದು ನೋವು ವಿಪರೀತ ಇದ್ದರೆ, ಉಸಿರಾಟ ಕಷ್ಟವಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು, ಎಳೆಮಕ್ಕಳು, ಡಯಾಲಿಸಿಸ್‌ನಲ್ಲಿರುವವರು ಇನ್ನೂ ಬೇಗ. ರಕ್ತಕ್ಕೆ ಇಳಿದ ಸ್ಟ್ಯಾಫ್ ಹೃದಯದ ಕವಾಟ, ಮೂಳೆ, ಕೀಲು, ಶ್ವಾಸಕೋಶ ಎಲ್ಲಿ ಬೇಕಾದರೂ ಕೂರುತ್ತದೆ. ಚಿಕಿತ್ಸೆ ಸಿಕ್ಕಿದರೂ ನಾಲ್ಕೈದು ಜನರಲ್ಲಿ ಒಬ್ಬರನ್ನು ಕಳೆದುಕೊಳ್ಳುವಂಥ ಕಾಯಿಲೆ ಅದು. ನಮ್ಮಂಥ ಬಿಸಿ, ತೇವದ ಊರುಗಳಲ್ಲಿ ಇನ್ನೊಂದು ರೂಪವೂ ಇದೆ. ಮೇಲೆ ಏನೂ ಕಾಣದೆ ತೊಡೆ ಅಥವಾ ಪೃಷ್ಠದ ಮಾಂಸದೊಳಗೆ ಕೀವು ಕಟ್ಟುತ್ತದೆ. ‘ಎಲ್ಲೋ ಉಳುಕಿರಬೇಕು’ ಅಂತ ಎಣ್ಣೆ ತಿಕ್ಕುತ್ತಾ ಕೂರುತ್ತಾರೆ. ಉಳುಕಿದರೆ ಜ್ವರ ಬರುವುದಿಲ್ಲ.

ಮನೆಯಲ್ಲಿ, ಕೊಟ್ಟಿಗೆಯಲ್ಲಿ

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುವ ಆಗುಂಬೆಯವರಿಗೆ ಟವೆಲ್ ಒಣಗಿಸಿಕೊಳ್ಳಿ ಅಂತ ಹೇಳುವುದು ಸುಲಭ. ಆದರೂ ಹೇಳಲೇಬೇಕು. ಸ್ಟ್ಯಾಫ್ ಬಟ್ಟೆಯ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬದುಕಿರುತ್ತದೆ. ಬಚ್ಚಲುಮನೆಯ ಗೂಟಕ್ಕೆ ನೇತುಹಾಕಿದ ಒಂದೇ ಒದ್ದೆ ಟವೆಲ್‌ನಲ್ಲಿ ಮನೆಮಂದಿಯೆಲ್ಲ ಮೈ ಒರೆಸಿಕೊಂಡರೆ ಕುರು ಸರದಿಯ ಮೇಲೆ ಬರುತ್ತದೆ. ಕುರು ಇರುವವರಿಗೆ ಬೇರೆ ಟವೆಲ್, ಬೇರೆ ರೇಜರ್ ಕೊಡಿ. ಅವರ ಬಟ್ಟೆಯನ್ನು ಹಂಡೆಯ ಬಿಸಿ ನೀರಿನಲ್ಲಿ ಒಗೆದು, ಬಿಸಿಲಿಲ್ಲದಿದ್ದರೆ ಒಲೆಯ ಮೇಲಿನ ಅಟ್ಟದಲ್ಲೋ ಇಸ್ತ್ರಿ ಹಾಕಿಯೋ ಒಣಗಿಸಿ. ಗಾಯವನ್ನು ಪಟ್ಟಿಯಿಂದ ಮುಚ್ಚಿಡಿ. ಪಟ್ಟಿ ಬದಲಿಸಿದವರು ಸೋಪು ಹಾಕಿ ಕೈ ತೊಳೆದುಕೊಂಡರೆ ಅರ್ಧ ದಾರಿ ಅಲ್ಲೇ ಮುಚ್ಚಿತು.

ದನ ಕಟ್ಟಿದವರಿಗೆ ಒಂದು ಮಾತು. ಕೆಚ್ಚಲು ಬಾವಿಗೆ ಮುಖ್ಯ ಕಾರಣಗಳಲ್ಲಿ ಇದೇ ಸ್ಟ್ಯಾಫ್ ಒಂದು. ಕೈಯಲ್ಲಿ ಕೀವಿನ ಗಾಯ ಇದ್ದವರು ಹಾಲು ಕರೆಯದಿದ್ದರೆ ಒಳ್ಳೆಯದು. ಬಾವು ಬಂದ ಹಸುವಿನ ಮೊಲೆಗೆ ಟ್ಯೂಬ್ ಹಾಕಿಸಿದರೆ ಪಶುವೈದ್ಯರು ಹೇಳಿದಷ್ಟು ದಿನ ಹಾಲನ್ನು ಬಳಸಬೇಡಿ, ಡೇರಿಗೂ ಹಾಕಬೇಡಿ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಹಾಲಿನಲ್ಲಿ ಉಳಿದ ಆಂಟಿಬಯಾಟಿಕ್ ಪೂರ್ತಿ ಹೋಗುವುದಿಲ್ಲ.

ಕುರು ವಾಸಿಯಾದ ಮೇಲೂ ಎಂಆರ್‌ಎಸ್‌ಎ ಮೂಗಿನಲ್ಲಿ ಉಳಿದಿರಬಹುದು. ಅದಕ್ಕೆ ಹೆದರಿ ಮನೆಯಲ್ಲಿ ಯಾರನ್ನೂ ದೂರ ಇಡಬೇಕಾಗಿಲ್ಲ, ಮಕ್ಕಳನ್ನು ಶಾಲೆ ಬಿಡಿಸಬೇಕಾಗಿಲ್ಲ, ಮತ್ತೆ ಮಾತ್ರೆ ನುಂಗಬೇಕಾಗಿಯೂ ಇಲ್ಲ. ಇದು ಮುಖ್ಯವಾಗುವುದು ಮುಂದೆ ಮಂಡಿ ಬದಲಿಸುವುದೋ ಹೃದಯದ್ದೋ ಆಪರೇಷನ್ ಬಂದಾಗ. ಆಗ ಡಾಕ್ಟರು ಮೂಗಿನ ಸ್ವಾಬ್ ತೆಗೆದು ನೋಡಬಹುದು. ಐದು ದಿನ ಮೂಗಿಗೆ ಮ್ಯುಪಿರೋಸಿನ್ ಮುಲಾಮು, ಸ್ನಾನಕ್ಕೆ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಕೊಡಬಹುದು. ಕೊಯ್ಯುವ ಮೊದಲು ಕೊಡುವ ಆಂಟಿಬಯಾಟಿಕ್‌ನಲ್ಲಿ ವ್ಯಾಂಕೋಮೈಸಿನ್ ಸೇರಿಸಬಹುದು. ಇದೆಲ್ಲ ಆಗುವುದು ಹಿಂದೆ ಎಂಆರ್‌ಎಸ್‌ಎ ಬಂದಿತ್ತು ಅಂತ ಅವರಿಗೆ ಗೊತ್ತಿದ್ದರೆ ಮಾತ್ರ. ಆ ಕಲ್ಚರ್ ರಿಪೋರ್ಟನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ, ಫೋನಿನಲ್ಲೂ ಒಂದು ಫೋಟೋ ಇರಲಿ.